ಎಡಗಣ್ಣಿನ ಬಚ್ಚಲು ಕಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ, ಎಮ್ಮೆಗೆ ಗುದ್ದಿದ್ದು ನಾನೇ. ತೀರ್ಥಹಳ್ಳಿಯಲ್ಲಿ ನಿಮ್ಮಮ್ಮ ನಿಮಗೆ ಕಥೆ ಹೇಳುವಾಗ ಎಮ್ಮೆಯೇ ಬಂದು ಅಜ್ಜಿಗೆ ಗುದ್ದಿತು ಎಂದು ತಿದ್ದಿದ್ದಾಳಂತೆ. ತಾಯಿಯ ಮರ್ಯಾದೆ ಉಳಿಸುವ ಆಸೆ ಅವಳಿಗೆ. ಆ ಎಮ್ಮೆ ಪಾಪ, ಹಾಲಿನ ಡೈರಿಯ ತಿರುವಿನಲ್ಲಿ ತನ್ನ ಪಾಡಿಗೆ ನಿಂತು ಮೆಲುಕು ಹಾಕುತ್ತಿತ್ತು. ನಾನು ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಹೋಗಿ ಅದರ ಹಿಂಭಾಗಕ್ಕೆ ಎಡಗಡೆಯ ಹ್ಯಾಂಡಲ್ ತಗುಲಿಸಿದೆ. ಗಾಡಿಯ ಕನ್ನಡಿ ಒಡೆಯಿತು. ಎಮ್ಮೆ ಬಾಲವನ್ನೂ ಆಡಿಸಲಿಲ್ಲ.

ಎಮ್ಮೆಯ ಯಜಮಾನ ಬೇಲಿಯ ಆಚೆಯಿಂದ ಎಲ್ಲ ನೋಡಿದ್ದ. "ಎಂತ ಅಕ್ಕ, ಇಷ್ಟ್ ದೊಡ್ ಎಮ್ಮೆ ಕಾಣ್ಲಿಲ್ವಾ? ಇನ್ನು ಕೋಳಿ ಗೀಳಿ ಅಡ್ಡ ಬಂದ್ರೆ ಅದ್ರ ಕಥೆ ಎಂತ?" ಎಂದ.

"ಬಿಸ್ಲು ಕಣ್ಣಿಗೆ ಹೊಡೀತು," ಅಂದೆ. ಸೂರ್ಯ ಆಗಿನ್ನೂ ಗುಡ್ಡದ ಹಿಂದೆಯೇ ಇದ್ದ.

ಮೊಪೆಡ್ಡಿನ ವಿಷಯ ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ನಿಮ್ಮಜ್ಜ ತೀರಿಕೊಂಡ ಮೇಲೆ ಅದು ಕೊಟ್ಟಿಗೆಯ ಪಕ್ಕ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ನಾನು ಡೈರಿಗೆ ನಡೆದೂ ಹೊಸನಗರಕ್ಕೆ ಬಸ್ಸಿನಲ್ಲಿಯೂ ಹೋಗುತ್ತಿದ್ದೆ. ನನಗೆ ನಾಲ್ಕು ಜನ ಸೇರಿದ ಕಡೆ ನಾಲಿಗೆ ಏಳುವುದಿಲ್ಲ. ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಸುಮ್ಮನಿರಬೇಕಲ್ಲ. ಎಲ್ಲಿಗೆ ಹೊರಟಿರಿ, ಯಾಕೆ ಹೊರಟಿರಿ, ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು, ಒಬ್ಬರೇ ಇರೋದಕ್ಕೆ ಹೆದರಿಕೆ ಆಗಲ್ವಾ, ರಾತ್ರಿ ಎಂತ ಅಡಿಗೆ. ನಾನು ಕಿಟಕಿಯ ಕಡೆ ತಿರುಗಿ ನಿದ್ದೆ ಬಂದ ಹಾಗೆ ಮಾಡುತ್ತಿದ್ದೆ. ಒಂದು ಸಲ ಹಾಗೆ ಮಾಡಿ ನಿಜವಾಗಿಯೂ ನಿದ್ದೆ ಹೋಗಿ ಹೊಸನಗರ ದಾಟಿ ಮುಂದೆ ನಗರ ಎನ್ನುವ ಊರಿನವರೆಗೆ ಹೋಗಿಬಿಟ್ಟೆ. ಮಾರನೆಯ ದಿನವೇ ಗೋಣಿಚೀಲ ತೆಗೆದೆ. ಕೊಯ್ಲಾದ ಗದ್ದೆಯಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ಬಿದ್ದು ಎದ್ದು ಕಲಿತೆ. ಗಾಡಿಯ ಮೇಲೆ ಕೂತ ಹೆಂಗಸನ್ನು ಯಾರೂ ಮಾತನಾಡಿಸುವುದಿಲ್ಲ. ಮಾತನಾಡಿಸಿದರೂ ಕೇಳಿಸಲಿಲ್ಲ ಎನ್ನಬಹುದು. ನನ್ನ ಬದುಕಿನಲ್ಲಿ ನನಗೆ ಸಿಕ್ಕಿದ ದೊಡ್ಡ ಸುಖ ಯಾವುದು ಎಂದು ಯಾರಾದರೂ ಕೇಳಿದರೆ ನಿಮ್ಮಮ್ಮ ಹುಟ್ಟಿದ್ದು ಎನ್ನುತ್ತೇನೆ, ಆದರೆ ಮನಸ್ಸಿನಲ್ಲಿ ಮೊಪೆಡ್ಡೂ ಸುಳಿದು ಹೋಗುತ್ತದೆ.

ಎಮ್ಮೆಯದು ನಗೆಯ ವಿಷಯವಾಯಿತು. ಅದಾಗಿ ಕೆಲವು ದಿನಕ್ಕೆ ಅದೇ ತಿರುವಿನಲ್ಲಿ ಇನ್ನೊಂದು ಆಯಿತು. ಶಾಲೆಗೆ ಹೊರಟ ಒಂದು ಹುಡುಗಿ ಎಡಗಡೆಯಿಂದ ರಸ್ತೆ ದಾಟುತ್ತಿದ್ದಳು. ನನ್ನ ಕಣ್ಣಿಗೆ ಅವಳು ಇರಲೇ ಇಲ್ಲ. "ಅಜ್ಜೀ" ಎಂದು ಕೂಗಿದ್ದು ಕೇಳಿ ಬ್ರೇಕು ಹಾಕಿದೆ. ಅವಳ ಚೀಲ ನನ್ನ ಮೊಣಕಾಲಿಗೆ ಉಜ್ಜಿತು. ಅವಳು ನಕ್ಕು ಓಡಿದಳು. ನಾನು ಗಾಡಿ ನಿಲ್ಲಿಸಿ ಕ್ಯಾನಿನ ಮುಚ್ಚಳ ಸರಿ ಮಾಡುವವಳ ಹಾಗೆ ಬಹಳ ಹೊತ್ತು ನಿಂತಿದ್ದೆ. ಈ ಸಲ ತಪ್ಪನ್ನು ಬಿಸಿಲಿನ ಮೇಲೆ ಹಾಕಲು ಕೇಳುವವರೂ ಇರಲಿಲ್ಲ.

ಕನ್ನಡಕ ಹಳೆಯದಾಗಿದೆ, ಅದಕ್ಕೇ ಹೀಗೆ ಎಂದು ತೀರ್ಮಾನ ಮಾಡಿಕೊಂಡು ಹೊಸನಗರದ ಕಣ್ಣಿನ ಶಿಬಿರಕ್ಕೆ ಹೋದೆ. ಅಲ್ಲಿ ಒಂದು ಮಿಶನ್ನಿಗೆ ಗಲ್ಲ ಕೊಟ್ಟು ಕೂರಿಸಿದರು. ಅದು ಫೂ ಎಂದು ಕಣ್ಣಿಗೆ ಗಾಳಿ ಊದಿತು. ಹುಲ್ಲು ಬಡಿಯುವಾಗ ಕಣ್ಣಿಗೆ ಬಿದ್ದ ಹೊಟ್ಟು ತೆಗೆಯಲು ನಿಮ್ಮಜ್ಜ ಹೀಗೇ ಊದುತ್ತಿದ್ದರು. ಅಷ್ಟು ಜನರ ಮಧ್ಯೆ ಅದು ನೆನಪಾಗಿ ಮುಖ ಬಿಸಿಯಾಯಿತು. ಊದಿಸಿದ ಹುಡುಗಿ ಪರದೆ ನೋಡಿ ಇನ್ನೊಮ್ಮೆ ಊದಿಸಿದಳು. ಮತ್ತೊಮ್ಮೆ ಊದಿಸಿದಳು. ಆಮೇಲೆ ಅವಳು ನಗುವುದನ್ನು ಬಿಟ್ಟಳು.

"ಕಣ್ಣಿನ ಪ್ರೆಶರ್ ಜಾಸ್ತಿ ಇದೆ ಅಜ್ಜಿ. ಎಡಗಣ್ಣಿಗೆ ತುಂಬಾ. ಸಾಗರಕ್ಕೆ ಹೋಗಿ, ತಡ ಮಾಡ್ಬೇಡಿ."

ಪ್ರೆಶರ್ ಮನುಷ್ಯನಿಗೆ ಇರುತ್ತದೆ, ಕುಕ್ಕರಿಗೆ ಇರುತ್ತದೆ. ಕಣ್ಣಿಗೂ ಬೇರೆ ಇರುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಎದುರಿಗೆ ಇರುವುದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಇಂಥ ಕಾಯಿಲೆಯನ್ನು ನಂಬುವುದು ಹೇಗೆ?

ನಿಮ್ಮಮ್ಮ ತಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ತೀರ್ಥಹಳ್ಳಿಯಿಂದ ಬಂದು ನನ್ನನ್ನು ಸಾಗರಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಕಣ್ಣಿನ ಡಾಕ್ಟರು ನಿಮ್ಮಮ್ಮನಿಗಿಂತ ಚಿಕ್ಕ ಹೆಂಗಸು. ನನ್ನ ಕಣ್ಣನ್ನು ಒಂದು ದೀಪದಲ್ಲಿ ಎಷ್ಟು ಹತ್ತಿರದಿಂದ ನೋಡಿದರೆಂದರೆ ಅವರು ಬೆಳಿಗ್ಗೆ ಏಲಕ್ಕಿ ಹಾಕಿದ ಟೀ ಕುಡಿದಿದ್ದು ನನಗೆ ಗೊತ್ತಾಯಿತು.

"ಕಣ್ಣಿನ ಒಳಗಡೆ ಒಂದು ನೀರು ಹುಟ್ತಾ ಇರುತ್ತೆ ಅಜ್ಜಿ. ಅಳುವಾಗ ಬರೋ ನೀರಲ್ಲ, ಇದು ಬೇರೆ. ಅದು ಹೊರಗೆ ಹೋಗೋಕೆ ಮೂಲೇಲಿ ಒಂದು ಸಣ್ಣ ಜಾಲರಿ ಇದೆ. ಅದು ಕಟ್ಕೊಂಡ್ರೆ ನೀರು ಒಳಗೇ ನಿಂತು ಒತ್ತಡ ಏರುತ್ತೆ. ಹಿಂದಿರೋ ನರ ನಿಧಾನಕ್ಕೆ ಸಾಯುತ್ತೆ."

"ಬಚ್ಚಲು ಕಟ್ಟಿದ ಹಾಗೆ," ಅಂದೆ. ನಾನು ಅಷ್ಟು ಮಾತನಾಡಿದ್ದೇ ಹೆಚ್ಚು.

"ಸರಿಯಾಗಿ ಹೇಳಿದ್ರಿ. ಅದಕ್ಕೆ ಗ್ಲಾಕೋಮಾ ಅಂತಾರೆ. ಬದಿ ನೋಟ ಮೊದಲು ಹೋಗುತ್ತೆ, ನೇರ ನೋಟ ಕೊನೆಗೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು. ನಿಮ್ಮ ಮನೇಲಿ ಹಿಂದೆ ಯಾರಿಗಾದ್ರೂ ಹೀಗಿತ್ತಾ?"

ಇಲ್ಲ ಅನ್ನಲು ಹೊರಟವಳು ನಿಂತೆ. ನನ್ನ ಅವ್ವ ಕಡೆಗಾಲದಲ್ಲಿ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದಳು, ಕೂತವರ ಮಡಿಲಿಗೆ ಕಾಫಿ ಚೆಲ್ಲುತ್ತಿದ್ದಳು, ಅಂಗಳದಲ್ಲಿ ಒಣಗಲು ಹಾಕಿದ ಸಂಡಿಗೆಯನ್ನು ತುಳಿದುಕೊಂಡು ಹೋಗುತ್ತಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಕೊನೆಗೆ ಅವಳಿಗೆ ಏನೂ ಕಾಣದೆ ಹೋಯಿತು. ವಯಸ್ಸಾಯಿತು ಎಂದರು, ನಾವು ಒಪ್ಪಿದೆವು. ಡಾಕ್ಟರಿಗೆ ಇಷ್ಟೆಲ್ಲ ಹೇಳಲಿಲ್ಲ. "ಅವ್ವನಿಗೆ ಇತ್ತೇನೋ," ಅಂದೆ.

ಆಮೇಲೆ ಬದಿ ನೋಟದ ಪರೀಕ್ಷೆ. ಬಿಳಿ ಬೋಗುಣಿಯಂಥ ಒಂದು ಮಿಶನ್ನಿನೊಳಗೆ ಮುಖ ಇಡಬೇಕು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಓದಿದ ಶಾಲೆಯಲ್ಲಿ ಕೈ ಎತ್ತಿ ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಎಲ್ಲ ತರಗತಿಗಳನ್ನೂ ಕೈ ಎತ್ತದೆ ದಾಟಿದವಳು. ಇಲ್ಲಿಯೂ ಹಾಗೇ ಆಯಿತು. ಮಿಣುಕಿತೋ ಏನೋ ಎನ್ನಿಸಿದ್ದಕ್ಕೆಲ್ಲ ಒತ್ತಲಿಲ್ಲ. ಖಾತ್ರಿಯಾಗಲಿ ಎಂದು ಕಾಯುವಷ್ಟರಲ್ಲಿ ಅದು ಆರಿಹೋಗುತ್ತಿತ್ತು. ಪರೀಕ್ಷೆ ಮಾಡಿಸುತ್ತಿದ್ದ ಹುಡುಗಿ ಬಂದು, "ಅಜ್ಜಿ, ನಿದ್ದೆ ಬಂತಾ?" ಎಂದಳು. ಹೊರಬಂದ ಚಿತ್ರದಲ್ಲಿ ನನ್ನ ಎರಡೂ ಕಣ್ಣು ಬಾಣಲೆಯ ತಳದ ಹಾಗೆ ಕಪ್ಪಾಗಿದ್ದವು.

"ಅನುಮಾನ ಇದ್ರೂ ಒತ್ತಿ, ತಪ್ಪಾದ್ರೆ ಯಾರೂ ಬೈಯಲ್ಲ," ಎಂದು ಹುಡುಗಿ ಇನ್ನೊಮ್ಮೆ ಕೂರಿಸಿದಳು. ಬೈಯುವುದಿಲ್ಲ ಎಂದ ಮೇಲೆ ನನಗೆ ಧೈರ್ಯ ಬಂತು. ಬೆಳಕು ಬರಲಿ ಬಿಡಲಿ, ಒಂದು ಲಯ ಹಿಡಿದು ಒತ್ತುತ್ತಾ ಹೋದೆ. ಈ ಸಲ ಎಲ್ಲ ಬೆಳ್ಳಗೆ ಬಂದೀತು ಎಂದು ಒಳಗೊಳಗೇ ಖುಷಿ. ಆದರೆ ಆ ಮಿಶನ್ನು ಕಳ್ಳ. ನಡುನಡುವೆ ಬೆಳಕೇ ಬಿಡದೆ ಸುಮ್ಮನಿದ್ದು, ಆಗಲೂ ಒತ್ತುತ್ತಾರೋ ಎಂದು ನೋಡುತ್ತದೆಯಂತೆ. ಡಾಕ್ಟರು ಚೀಟಿ ನೋಡಿ ನನ್ನ ಮುಖ ನೋಡಿದರು. "ಇಲ್ಲದೇ ಇರೋ ಬೆಳಕೆಲ್ಲ ನಿಮಗೆ ಕಂಡಿದೆ ಅಜ್ಜಿ. ದೇವರು ಗೀವರು ಕಂಡ್ರಾ?"

ಹಾಗಾಗಿ ಬದಿ ನೋಟದಲ್ಲಿ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಆವತ್ತು ಸರಿಯಾಗಿ ಗೊತ್ತಾಗಲಿಲ್ಲ. ಎಡಗಣ್ಣಿನದು ಚೆನ್ನಾಗಿಲ್ಲ ಎಂದಷ್ಟೇ ಗೊತ್ತಾಯಿತು. ಅಷ್ಟು ಸಾಕಾಯಿತು ನಿಮ್ಮಮ್ಮನಿಗೆ. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೈ ಚಾಚಿದಳು.

"ಗಾಡಿ ಕೀ ಕೊಡಮ್ಮ."

"ಮನೇಲಿದೆ."

"ಸೆರಗಿನ ತುದೀಲಿ ಗಂಟು ಹಾಕಿರೋದು ನಂಗೆ ಕಾಣ್ತಿದೆ. ನನ್ನ ಕಣ್ಣು ಸರಿಯಾಗಿದೆ."

"ಡಾಕ್ಟ್ರು ಗಾಡಿ ಬಿಡ್ಬೇಡಿ ಅಂತ ಹೇಳ್ಲಿಲ್ಲ."

"ನೀನು ಗಾಡಿ ಬಿಡ್ತೀಯ ಅಂತ ಅವರಿಗೆ ಹೇಳಿದ್ಯಾ? ಕೇಳು ಅವರನ್ನ. ನೀನೇ ಕೇಳ್ಬೇಕು, ನಾನು ಕೇಳಲ್ಲ. ಅವರು ಹೂಂ ಅಂದ ದಿನ ಕೀ ವಾಪಸ್ ಕೊಡ್ತೀನಿ."

ನಾನು ಕೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಕೀ ತೀರ್ಥಹಳ್ಳಿಗೆ ಹೋಯಿತು.

ಡಾಕ್ಟರು ಹನಿ ಔಷಧಿ ಕೊಟ್ಟಿದ್ದರು. ದಿನಾ ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ, ಸಾಯುವವರೆಗೆ. ಒಬ್ಬಳೇ ಇದ್ದುಕೊಂಡು ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಳ್ಳುವುದು ಎಂಥ ಸರ್ಕಸ್ಸು ಎಂದು ಹಾಕಿಕೊಂಡವರಿಗೇ ಗೊತ್ತು. ಬಾಟಲಿ ಹತ್ತಿರ ಬಂದ ಕೂಡಲೇ ಕಣ್ಣು ತಾನಾಗಿ ಮುಚ್ಚುತ್ತದೆ. ಚಾಪೆಯ ಮೇಲೆ ಮಲಗಿ ಹಾಕಿದೆ, ಗೋಡೆಗೆ ತಲೆ ಒತ್ತಿ ಹಾಕಿದೆ. ಹನಿ ಹುಬ್ಬಿಗೆ ಬಿತ್ತು, ಕೆನ್ನೆಗೆ ಬಿತ್ತು. ಕೆಲವು ತಿಂಗಳ ಮೇಲೆ ಸಾಗರಕ್ಕೆ ಹೋದಾಗ ಪ್ರೆಶರ್ ಸ್ವಲ್ಪವೂ ಇಳಿದಿರಲಿಲ್ಲ.

"ಔಷಧಿ ಹಾಕ್ತಿದೀರಾ ಅಜ್ಜಿ?" ಎಂದರು ಡಾಕ್ಟರು.

"ದಿನಾ ಹಾಕ್ತೀನಿ."

"ಎಲ್ಲಿ, ಒಂದ್ಸಲ ಹಾಕಿ ತೋರಿಸಿ."

ತೋರಿಸಿದೆ. ಹನಿ ಸೀದಾ ಕಿವಿಗೆ ಹೋಯಿತು.

"ನಿಮ್ಮ ಕಿವಿ ಪ್ರೆಶರ್ ಚೆನ್ನಾಗಿ ಇಳಿದಿರುತ್ತೆ," ಎಂದು ಅವರು ಬಾಟಲಿ ಬದಿಗಿಟ್ಟರು. "ನಿಮಗೆ ಲೇಸರ್ ಮಾಡೋಣ. ಆ ಜಾಲರಿಗೆ ಸಣ್ಣ ಸಣ್ಣ ಬೆಳಕಿನ ಪೆಟ್ಟು ಕೊಡೋದು. ನೀರು ಹೋಗೋ ದಾರಿ ಸಡಿಲ ಆಗುತ್ತೆ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಆದ್ರೆ ಒಂದು ಮಾತು ಈಗಲೇ ಹೇಳ್ತೀನಿ. ಮಾಡಿದ ಮೇಲೆ ನಿಮಗೆ ಏನೂ ಹೊಸದಾಗಿ ಕಾಣಲ್ಲ. ಈಗ ಕಾಣೋದು ಹಾಗೇ ಉಳಿದ್ರೆ ಅದೇ ನಮ್ಮ ಗೆಲುವು. ಕೆಲವರಿಗೆ ಪ್ರೆಶರ್ ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ. ಕೆಲವು ವಾರ ಬಿಟ್ಟು ನೋಡಿದಾಗಲೇ ಗೊತ್ತಾಗೋದು."

ಲೇಸರಿನ ಸುದ್ದಿ ಕೇಳಿ ಕೋಣಂದೂರಿನಿಂದ ನನ್ನ ನಾದಿನಿ ಬಂದಿಳಿದಳು. ನಿಮ್ಮಜ್ಜನ ತಂಗಿ, ನಿಮ್ಮಮ್ಮನಿಗೆ ಸೋದರತ್ತೆ. ಅವಳ ಗಂಡನೂ ಇಲ್ಲ, ಮನೆ ಸೊಸೆಯರ ಕೈಯಲ್ಲಿದೆ. ಎಲ್ಲಿ ಆಪರೇಷನ್ನು ಆದರೂ ಅಲ್ಲಿ ಅವಳು ಬಟ್ಟೆಯ ಚೀಲದೊಂದಿಗೆ ಹಾಜರು. ನಾನು ಹುಟ್ಟಿದಾಗಿನಿಂದ ಆಡಿದಷ್ಟು ಮಾತನ್ನು ಅವಳು ಒಂದು ಮದುವೆಮನೆಯಲ್ಲಿ ಆಡಿ ಮುಗಿಸುತ್ತಾಳೆ.

ಆಪರೇಷನ್ನು ಎಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಎಂದು ಅವಳು ನನಗೆ ಕಾಫಿಯನ್ನೂ ಕೊಡಲಿಲ್ಲ. ನನ್ನ ಎದುರಿಗೆ ತಿನ್ನಬಾರದೆಂದು ತಾನೂ ಉಪವಾಸ ಕೂತಳು. ಸಾಗರದಲ್ಲಿ ನರ್ಸು ಕೇಳಿದಳು, "ಏನು ತಿಂದ್ರಿ ಬೆಳಿಗ್ಗೆ?"

"ನೀರೂ ಮುಟ್ಟಿಲ್ಲ," ಎಂದಳು ನಾದಿನಿ ಹೆಮ್ಮೆಯಿಂದ.

"ಅಯ್ಯೋ, ಇದಕ್ಕೆ ಹಾಗೆಲ್ಲ ಬೇಡ. ಹೋಗಿ ಇಡ್ಲಿ ತಿನ್ಕೊಂಡು ಬನ್ನಿ."

ನಾದಿನಿಗೆ ಅಲ್ಲಿಂದಲೇ ಆ ಆಸ್ಪತ್ರೆಯ ಮೇಲೆ ಗೌರವ ಹೋಯಿತು. "ಇದೆಂತ ಆಪರೇಷನ್ನೋ ಮಾರಾಯ್ತಿ, ಇಡ್ಲಿ ತಿಂದು ಮಾಡಿಸ್ಕೊಳ್ಳೋದು," ಎಂದು ಕ್ಯಾಂಟೀನಿನಲ್ಲಿ ಸಿಟ್ಟಿನಿಂದ ಎರಡು ಪ್ಲೇಟು ತಿಂದಳು.

ಲೇಸರಿನ ವಿಷಯ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಎಡಗಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟರು. ಮತ್ತೆ ಗಲ್ಲ ಒಂದು ಮಿಶನ್ನಿಗೆ, ಹಣೆ ಒಂದು ಪಟ್ಟಿಗೆ. ಕಣ್ಣು ಮುಚ್ಚದ ಹಾಗೆ ಲೋಳೆ ಸವರಿದ ಒಂದು ಪುಟ್ಟ ಗಾಜನ್ನು ಕಣ್ಣಿನ ಮೇಲೇ ಒತ್ತಿ ಹಿಡಿದರು. ಕತ್ತಲೆಯ ಕೋಣೆ. ಟಕ್ ಎಂದಿತು, ಹಸಿರು ಬೆಳಕು ಚಿಮ್ಮಿತು. ಮತ್ತೆ ಟಕ್. ನೋವಿಲ್ಲ, ಆದರೆ ಒಳಗೆ ಯಾರೋ ಉಗುರಿನಿಂದ ಸಣ್ಣಗೆ ತಟ್ಟಿದ ಹಾಗೆ. ನಾನು ಉಸಿರು ಬಿಗಿ ಹಿಡಿದಿದ್ದೆ.

"ಉಸಿರಾಡಿ ಅಜ್ಜಿ. ಕಣ್ಣು ಸರಿಮಾಡ್ತಾ ಪ್ರಾಣ ತೆಗೆದ್ರು ಅಂತ ನಿಮ್ಮ ನಾದಿನಿ ನನ್ನ ಬಿಡಲ್ಲ."

ಒಲೆಯ ಮೇಲೆ ಇಟ್ಟ ಹಾಲು ಉಕ್ಕುವಷ್ಟರಲ್ಲಿ ಮುಗಿಯಿತು. ಒಂದು ಗಂಟೆ ಕೂರಿಸಿ ಪ್ರೆಶರ್ ನೋಡಿ, ಕೆಲವು ದಿನಕ್ಕೆಂದು ಒಂದು ಹನಿ ಕೊಟ್ಟು, ಮನೆಗೆ ಹೋಗಿ ಎಂದರು. ಈ ಹನಿಯನ್ನು ನಾದಿನಿಯೇ ಹಾಕಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಹೊರಗೆ ಬಂದಾಗ ನಾದಿನಿ ನನ್ನ ಮುಖವನ್ನು ಎರಡೂ ಕಡೆಯಿಂದ ನೋಡಿದಳು. "ಪಟ್ಟಿ ಎಲ್ಲಿ?"

"ಪಟ್ಟಿ ಇಲ್ವಂತೆ."

"ಪಟ್ಟಿನೂ ಇಲ್ಲ, ಹತ್ತಿನೂ ಇಲ್ಲ! ನಾಳೆಯಿಂದ ನೋಡೋಕೆ ಜನ ಬರ್ತಾರೆ ಅತ್ಗೆ. ಬಂದವರಿಗೆ ಎಂತ ತೋರ್ಸೋದು?"

ಅವಳ ಚಿಂತೆ ಸುಳ್ಳಾಗಿರಲಿಲ್ಲ. ನಮ್ಮ ಕಡೆ ಆಪರೇಷನ್ನು ಆದವರನ್ನು ನೋಡಲು ಹೋಗದಿದ್ದರೆ ಜಗಳವೇ ಆಗುತ್ತದೆ. ಬನ್ನು, ಕಿತ್ತಳೆ ಹಿಡಿದುಕೊಂಡು ಬಂದು, ಹೊಲಿಗೆ ನೋಡಿ, ಅಯ್ಯೋ ಎಂದು, ಕಾಫಿ ಕುಡಿದು ಹೋಗಬೇಕು. ತೋರಿಸಲು ಏನೂ ಇಲ್ಲದ ಮನೆಗೆ ಬನ್ನು ಹಿಡಿದು ಬಂದವರು ಏನು ಮಾಡಬೇಕು? ಸಾಗರದ ಬಸ್‌ಸ್ಟ್ಯಾಂಡಿನ ಬಳಿ ನಾದಿನಿ ನನಗೊಂದು ಕಪ್ಪು ಕನ್ನಡಕ ಕೊಂಡು ಹಾಕಿಸಿದಳು. ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡೆ. ಯಾವುದೋ ಕಳ್ಳಸಾಗಣೆಯವರ ಮನೆಯ ಹಿರಿಯಳ ಹಾಗೆ ಕಾಣುತ್ತಿದ್ದೆ.

ಮಾರನೆಯ ದಿನದಿಂದ ನಾನು ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂರುವುದು, ಜನ ಬರುವುದು. ನಾಚಿಕೆಯವಳಿಗೆ ಅಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ ಎಂದು ಎರಡನೆಯ ದಿನವೇ ಗೊತ್ತಾಯಿತು. ನಾನು ಯಾರನ್ನು ನೋಡುತ್ತಿದ್ದೇನೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಳಗೆ ಕಣ್ಣು ಮುಚ್ಚಿ ಕೂತರೂ ನಡೆಯುತ್ತಿತ್ತು. ಮಾತೆಲ್ಲ ನಾದಿನಿಯೇ ಆಡುತ್ತಿದ್ದಳು.

"ಈಗ ಹೆಂಗ್ ಕಾಣ್ತದೆ ಅಕ್ಕ?" ಎಂದು ಬಂದವರೆಲ್ಲ ಕೇಳುವುದು ಅದೊಂದೇ.

"ಮುಂಚೆ ಹೆಂಗೋ ಹಂಗೇ," ಅನ್ನುತ್ತಿದ್ದೆ.

ಅವರ ಮುಖ ಇಳಿಯುತ್ತಿತ್ತು. ಪೊರೆ ತೆಗೆಸಿಕೊಂಡವರು ಮಾರನೆಯ ದಿನವೇ ಆಕಾಶ ಕಂಡಿತು, ಸೊಸೆಯ ಮುಖ ಕಂಡಿತು ಎಂದು ಹೇಳುವುದನ್ನು ಕೇಳಿ ರೂಢಿ ಅವರಿಗೆ. ಹಾಗೇ ಇರುವುದಕ್ಕೇ ಚಿಕಿತ್ಸೆ ಎಂದು ನಾನು ಒಂದೆರಡು ಸಲ ಬಿಡಿಸಿ ಹೇಳಲು ನೋಡಿದೆ. ಎಮ್ಮೆಯ ಯಜಮಾನ ಬನ್ನಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕೇಳಿದ. "ಹಂಗಾದ್ರೆ ಮಾಡಿಸ್ದೇ ಇದ್ರೂ ಹಂಗೇ ಇರ್ತಿತ್ತಲ್ಲ ಅಕ್ಕ?" ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಆದರೆ ಅವ್ವನ ಸಂಡಿಗೆಯ ಕಥೆ ಅವನಿಗೆ ಎಲ್ಲಿಂದ ಶುರು ಮಾಡಲಿ?

ನಾದಿನಿಗೆ ತಡೆಯಲಾಗಲಿಲ್ಲ. ಅವತ್ತಿನಿಂದ ನನ್ನ ಪರವಾಗಿ ಅವಳೇ ಉತ್ತರ ಕೊಟ್ಟಳು. "ಮುಂಚೆ ನನ್ನ ಗಲ್ಲದ ಮಚ್ಚೆ ಕಾಣ್ತಿರ್ಲಿಲ್ಲ ಅತ್ಗೆಗೆ. ಈಗ ಮಚ್ಚೆ ಮೇಲಿನ ಕೂದ್ಲೂ ಕಾಣ್ತದಂತೆ." ಜನ ಸಮಾಧಾನದಿಂದ ಕಾಫಿ ಕುಡಿದು ಹೋದರು.

ಜೊತೆಗೆ ಪಥ್ಯ. ಡಾಕ್ಟರು ಏನು ಬೇಕಾದರೂ ತಿನ್ನಿ ಅಂದಿದ್ದರು. ಆದರೆ ಬದನೆಕಾಯಿ ನಂಜು, ಹಲಸು ನಂಜು, ಒಣಮೀನಂತೂ ಘೋರ ನಂಜು ಎಂದು ನಾದಿನಿಯ ತೀರ್ಪು. ಗಾಯವೇ ಇಲ್ಲವಲ್ಲ ಎಂದರೆ, ಕಾಣದ ಗಾಯಕ್ಕೆ ನಂಜು ಬೇಗ ಏರುತ್ತದೆ ಎಂದಳು. ತಿಳಿಸಾರು ಕುಡಿದೂ ಕುಡಿದೂ ನಾನು ನೀರಾಗಿಹೋದೆ. ಒಂದು ಮಧ್ಯಾಹ್ನ ಅವಳು ಹಾಲು ಹಾಕಲು ಡೈರಿಗೆ ಹೋಗಿದ್ದಾಗ ಕೆಂಡದ ಮೇಲೆ ಎರಡು ಒಣಮೀನು ಸುಟ್ಟುಕೊಂಡೆ. ಹೊಗೆಗೆ ಕಪ್ಪು ಕನ್ನಡಕ ಒಳ್ಳೆಯ ರಕ್ಷಣೆ. ಅವಳು ಗೇಟಿನ ಬಳಿಯಿಂದಲೇ, "ಅತ್ಗೆ, ಕಣ್ ಕಳ್ಕೊಂಡು ಸಾಯ್ತೀಯ," ಎಂದು ಬೈಯುತ್ತಾ ಬಂದಳು. ಒಳಗೆ ಬಂದು ಒಂದನ್ನು ಅವಳೇ ತಿಂದಳು, ನನ್ನ ನಂಜು ಅರ್ಧ ಕಡಿಮೆಯಾಗಲಿ ಎಂದು.

ಹಾಲು ಹಾಕಲು ಅವಳೇ ನಡೆದು ಹೋಗುತ್ತಿದ್ದಳು. ಹೋಗಿ ಬರಲು ಅರ್ಧ ದಿನ ಹಿಡಿಯುತ್ತಿತ್ತು, ದಾರಿಯುದ್ದಕ್ಕೂ ಮನೆಗಳಿವೆ. ಗೋಡೆಗೆ ಒರಗಿ ನಿಂತ ಗಾಡಿಯನ್ನು ನಾನು ದಿನಾ ಒಂದು ಸಲ ಒರೆಸುತ್ತಿದ್ದೆ. ಡಾಕ್ಟರನ್ನು ಕೇಳಬೇಕು ಎಂದುಕೊಳ್ಳುತ್ತಿದ್ದೆ. ಕೇಳದಿದ್ದರೆ ಬೇಡ ಎನ್ನುವವರೂ ಇಲ್ಲವಲ್ಲ ಎಂದೂ ಅನ್ನಿಸುತ್ತಿತ್ತು. ಪರೀಕ್ಷೆಯ ಮಿಶನ್ನು ಮೋಸ ಹಿಡಿಯುವುದು ಹೇಗೆಂದು ಈಗ ನನಗೆ ಗೊತ್ತು. ಲಯ ತಪ್ಪಿಸಿ, ಬಿಟ್ಟು ಬಿಟ್ಟು, ಹುಷಾರಾಗಿ ಒತ್ತಿದರೆ ಅದಕ್ಕೂ ಮಣ್ಣೆರಚಬಹುದು. ಡಾಕ್ಟರು ಚೆನ್ನಾಗಿದೆ ಎಂದಾರು, ಮಗಳು ಕೀ ಕೊಟ್ಟಾಳು. ಇದನ್ನು ನಾನು ಕನ್ನಡಕದ ಹಿಂದೆ ಕೂತು ಬಹಳ ಸಲ ಲೆಕ್ಕ ಹಾಕಿದ್ದೇನೆ.

ಮರುಪರೀಕ್ಷೆಗೆ ಮೂವರೂ ಹೋದೆವು. ಅವತ್ತು ನನ್ನ ಬಲವಂತಕ್ಕೆ ನಿಮ್ಮಮ್ಮನೂ ಕಣ್ಣು ಊದಿಸಿಕೊಂಡಳು. ಅವಳದು ಗಡಿಯಲ್ಲಿದೆ, ವರ್ಷಕ್ಕೊಂದು ಸಲ ನೋಡಿಸುತ್ತಿರಬೇಕು ಎಂದರು. ಅವಳ ಮುಖದಿಂದ ಮೇಷ್ಟ್ರಿಕೆ ಇಳಿದು ಒಂದು ಕ್ಷಣ ಚಿಕ್ಕ ಹುಡುಗಿಯಾಗಿದ್ದನ್ನು ನೋಡಿದೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕೆ. ನೀವು ದೊಡ್ಡವರಾದ ಮೇಲೆ, ನೋವಿಲ್ಲ, ಚೆನ್ನಾಗಿಯೇ ಕಾಣುತ್ತದೆ ಎಂದು ಸೋಮಾರಿಗಳ ಹಾಗೆ ಕೂರಬೇಡಿ. ಹೋಗಿ ಊದಿಸಿಕೊಳ್ಳಿ. ಆಸ್ತಿಯ ಪಾಲಿನಲ್ಲಿ ಜಗಳವಾದೀತು, ಇದು ಜಗಳವಿಲ್ಲದೆ ಎಲ್ಲರಿಗೂ ಬರಬಹುದು.

ನನ್ನ ಎಡಗಣ್ಣಿನ ಪ್ರೆಶರ್ ಇಳಿದಿತ್ತು. ಡಾಕ್ಟರು ಎರಡು ಸಲ ಅಳೆದು, "ಬಚ್ಚಲು ಬಿಟ್ಕೊಂಡಿದೆ ಅಜ್ಜಿ," ಎಂದು ನಕ್ಕರು. ಬಲಗಣ್ಣಿಗೂ ಒಂದು ದಿನ ಮಾಡೋಣ ಎಂದರು. ಆಮೇಲೆ ಬದಿ ನೋಟದ ಕೋಣೆಗೆ ಕಳಿಸಿದರು.

ಬೋಗುಣಿಯೊಳಗೆ ಮುಖವಿಟ್ಟೆ. ಗುಂಡಿ ಕೈಗೆ ಬಂತು. ಮೊದಲ ಬೆಳಕು ಬಲಗಡೆ ಮಿಣುಕಿತು, ಒತ್ತಿದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಎಡಗಡೆ ಈಗ ಏನೋ ಇರಬೇಕು, ಇಷ್ಟು ಹೊತ್ತು ಸುಮ್ಮನಿರುವುದಿಲ್ಲ ಎಂದು ನನಗೆ ಅಂದಾಜು ಸಿಕ್ಕಿತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಆಗ ಆ ಶಾಲೆಯ ಹುಡುಗಿಯ ಚೀಲ ಮೊಣಕಾಲಿಗೆ ಉಜ್ಜಿದ್ದು ನೆನಪಾಯಿತು. ಅವಳೂ ಹೀಗೇ ಇದ್ದಳಲ್ಲ, ನನಗೆ ಕಾಣದೆ, ಅಲ್ಲೇ. ಒತ್ತಲಿಲ್ಲ. ಕಂಡದ್ದಕ್ಕೆ ಒತ್ತಿದೆ, ಕಂಡಿತೋ ಏನೋ ಎನ್ನಿಸಿದ್ದಕ್ಕೂ ಒತ್ತಿದೆ, ಕಾಣದ್ದಕ್ಕೆ ಸುಮ್ಮನಿದ್ದೆ.

ಡಾಕ್ಟರು ಚಿತ್ರ ನೋಡುತ್ತಿದ್ದರು. ನಿಮ್ಮಮ್ಮ ಕಿಟಕಿಯ ಕಡೆ ತಿರುಗಿ ನಿಂತಿದ್ದಳು, ಕೇಳುವುದಿದ್ದರೆ ಕೇಳು ಎನ್ನುವ ಹಾಗೆ.

"ನಾನು ಗಾಡಿ ಬಿಡ್ತೀನಿ," ಅಂದೆ.

"ಯಾವ ಗಾಡಿ?"

"ಮೊಪೆಡ್ಡು. ಡೈರಿಗೆ, ಹೊಸನಗರಕ್ಕೆ. ಒಂದು ಎಮ್ಮೆಗೆ ಗುದ್ದಿದೀನಿ. ಆಮೇಲೆ ಒಂದು ಮಗು... ಮಗುವಿಗೆ ತಾಗ್ಲಿಲ್ಲ. ತಾಗೋದಿತ್ತು. ಎಡಗಡೆಯಿಂದ ಬಂದಿದ್ದು ಕಾಣ್ಲಿಲ್ಲ. ಇನ್ನು ಬಿಡ್ಬಹುದಾ?"

ಕಿಟಕಿಯ ಬಳಿ ನಿಂತವಳು ತಿರುಗಿದಳು. ಮಗುವಿನ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ನಗಲಿಲ್ಲ. ಚಿತ್ರವನ್ನು ನನ್ನ ಕಡೆ ತಿರುಗಿಸಿ ಎಡಗಡೆಯ ಕಪ್ಪು ಜಾಗದ ಮೇಲೆ ಪೆನ್ನಿನ ತುದಿ ಇಟ್ಟರು. "ಈ ಸಲ ಚೆನ್ನಾಗಿ ಮಾಡಿದೀರಿ, ಅದಕ್ಕೇ ಇದು ಸರಿಯಾಗಿ ಗೊತ್ತಾಗ್ತಿದೆ. ಇಷ್ಟು ಜಾಗ ಹೋಗಿದೆ ಅಜ್ಜಿ. ಇನ್ನು ಮುಂದಕ್ಕೆ ಹೋಗದ ಹಾಗೆ ನೋಡ್ಕೋತೀವಿ. ಓದ್ತೀರಿ, ಅಡಿಗೆ ಮಾಡ್ತೀರಿ, ಓಡಾಡ್ತೀರಿ. ಗಾಡಿ ಬೇಡ."

"ಹಗಲಲ್ಲಿ, ನಿಧಾನಕ್ಕೆ?"

"ಬೇಡ."

"ಹಿಂದೆ ಕೂರ್ಬಹುದಾ?"

"ಹಿಂದೆ ಎಷ್ಟು ಬೇಕಾದ್ರೂ ಕೂತ್ಕೊಳ್ಳಿ," ಎಂದರು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ನಾದಿನಿಗೆ ಎಲ್ಲ ಕೇಳಿಸಿತ್ತು. ಅವಳಿಗೆ ಕೇಳಿಸದ್ದು ಯಾವುದಿದೆ? ನಾವು ಬಂದ ಕೂಡಲೇ ನಿಮ್ಮಮ್ಮನ ಎದುರು ಕೈ ಚಾಚಿದಳು. "ಹಂಗಾದ್ರೆ ಕೀ ನಂಗೆ ಕೊಡು."

"ನಿಮಗೆ ಬರುತ್ತಾ ಅತ್ತೆ?"

"ಸೈಕಲ್ ಬರ್ತದಲ್ಲ. ನಿಮ್ಮಮ್ಮ ಕಲ್ತಿದ್ದನ್ನ ನಾನು ಕಲಿಯೋಕಾಗಲ್ವಾ? ಅವಳಿಗೆ ಬಾಯಿ ಬರಲ್ಲ ಅನ್ನೋದು ಬಿಟ್ರೆ ಎಂತ ಹೆಚ್ಚಿದೆ ಅವಳಲ್ಲಿ?"

ಅವಳಿಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿದೆವು. ನಾನು ಕಲಿತ ಗದ್ದೆಯಲ್ಲಿಯೇ ಅವಳಿಗೆ ಕಲಿಸಿದೆ. ನಾನು ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡುವುದು, ಅವಳು ಬ್ರೇಕು ಎಲ್ಲಿ ಎಂದು ಕೂಗುವುದು, ಕೈಯಲ್ಲೇ ಇದೆ ಎಂದು ನಾನು ಅರಚುವುದು. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆ ಎಂದು ಊರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬೇಲಿಯ ಉದ್ದಕ್ಕೂ ಜನ ನಿಂತು ನೋಡಿದರು. ಕೋಣಂದೂರಿನಿಂದ ಸೊಸೆಯರು ಫೋನು ಮಾಡಿ ಯಾವಾಗ ಬರುತ್ತೀರಿ ಎಂದು ಕೇಳಿದರೆ, ಅತ್ತಿಗೆಯ ಕಣ್ಣು ಇನ್ನೂ ಹಾಗೇ ಇದೆ ಎನ್ನುತ್ತಾಳೆ. ಸುಳ್ಳೇನೂ ಅಲ್ಲ. ಹಾಗೇ ಇದೆ, ಡಾಕ್ಟರೂ ಅದನ್ನೇ ಹೇಳುತ್ತಿದ್ದಾರೆ.

ಈಗ ದಿನಾ ಬೆಳಿಗ್ಗೆ ಅವಳು ಮುಂದೆ, ನಾನು ಹಾಲಿನ ಕ್ಯಾನು ಹಿಡಿದುಕೊಂಡು ಹಿಂದೆ. ಪ್ರತಿ ಗೇಟಿನ ಎದುರೂ ಗಾಡಿ ನಿಲ್ಲುತ್ತದೆ. ಯಾರ ಮನೆಯಲ್ಲಿ ಏನು ತಿಂಡಿ ಎಂದು ವಿಚಾರಿಸದೆ ಅವಳಿಂದ ಮುಂದಕ್ಕೆ ಹೋಗಲಾಗುವುದಿಲ್ಲ. ಜನ ನನ್ನನ್ನೂ ಕೇಳುತ್ತಾರೆ, ನಾನೂ ಏನೋ ಒಂದು ಹೇಳುತ್ತೇನೆ. ಹಾಲು ಒಡೆಯುವ ಮೊದಲು ಡೈರಿ ಮುಟ್ಟಿದರೆ ಪುಣ್ಯ. ತಿರುವು ಬಂದಾಗ ಮಾತ್ರ ನಾನು ಅವಳ ಭುಜ ಒತ್ತಿ, "ಎಡಗಡೆ ನೋಡು," ಅನ್ನುತ್ತೇನೆ.

"ನೋಡ್ತಿದೀನಿ ಅತ್ಗೆ," ಎನ್ನುತ್ತಾಳೆ. "ಇಬ್ರು ಹುಡುಗ್ರು ಹೋಗ್ತಿದಾರೆ, ಒಂದು ನಾಯಿ, ಅದರ ಹಿಂದೆ ಇನ್ನೊಂದು ನಾಯಿ. ಎಲ್ಲ ಕಾಣ್ತದೆ ನಂಗೆ. ನೀನು ಕ್ಯಾನು ಗಟ್ಟಿ ಹಿಡ್ಕೊಂಡು ಸುಮ್ನೆ ಕೂತ್ಕ."